ಎಪ್ಪತ್ತೆರಡು ಅಕ್ಷರದ ಸಾಲು

ಜ್ವೋಲೆ ಊರಿನ ಕಾಲುವೆ ಕಚೇರಿಯಲ್ಲಿ ವೋಲ್ಬರ್ಟ್ ವಾನ್ ಡೆರ್ ಕ್ರೌಸೆನ್‌ನನ್ನು ಮಾತಾಡಿಸುವವರೇ ಇರಲಿಲ್ಲ. ಆದರೆ ಇ-ಮೇಲ್‌ನಲ್ಲಿ ನಡೆಯುವ ಒಂದು ಆಟದಲ್ಲಿ ಅವನು ಪಟ್ಟಿಗಾರ. ಆಟವೆಂದರೆ ಚೆಂಡೂ ಇಲ್ಲ, ದಾಳವೂ ಇಲ್ಲ. ಹದಿನೈದು ಜನ ಸೇರಿ ನಿಯಮ ಮಾಡುವುದು, ಮತ ಹಾಕಿ ಅದನ್ನು ತಿದ್ದುವುದು, ತಿದ್ದಿದ್ದಕ್ಕೆ ಜಗಳವಾಡುವುದು, ಅಷ್ಟೇ. ಆಟದಲ್ಲಿ ಯಾರ್ಯಾರಿದ್ದಾರೆ ಎಂಬ ಪಟ್ಟಿಯನ್ನು ವಾರಕ್ಕೊಮ್ಮೆ ಕಳಿಸುವುದು ಪಟ್ಟಿಗಾರನ ಕೆಲಸ. ಸಾಲಿಗೆ ಎಪ್ಪತ್ತೆರಡು ಅಕ್ಷರ ಮೀರಬಾರದು, ಬಣ್ಣ ಕೂಡದು. ಏಕೆಂದು ಕೇಳಿದವರಿಗೆ ಅವನು ನಿಯಮದ ಸಂಖ್ಯೆ ಹೇಳುತ್ತಿದ್ದ.

ಲೇವಾರ್ಡೆನ್‌ನ ಬೇಕರಿಯ ಫೆನ್ನಾ ಸೇರಲು ಬಂದಾಗ ಅರ್ಜಿಯನ್ನು ನೇರಳೆ ಬಣ್ಣದಲ್ಲಿ, ಉದ್ದುದ್ದ ಸಾಲುಗಳಲ್ಲಿ ಬರೆದಿದ್ದಳು. ವೋಲ್ಬರ್ಟ್ ನಾಲ್ಕು ಸಲ ಹಿಂದಿರುಗಿಸಿದ.

"ಅಕ್ಷರ ಎಣಿಸೋಕೂ ಬಿಡುವಿಲ್ವಾ ಮೇಡಂ?" ಎಂದು ಕೇಳಿದ.

"ಇಲ್ಲಿ ಬ್ರೆಡ್ ಸೀದು ಹೋಗ್ತಿದೆ ಸ್ವಾಮಿ," ಎಂದು ಅವಳು ಬರೆದಳು, ಅದೂ ನೇರಳೆಯಲ್ಲೇ. ಐದನೇ ಸಲ ಎಣಿಸಿ, ಕಪ್ಪಿನಲ್ಲಿ ಬರೆದ ಮೇಲೆಯೇ ಅವಳ ಹೆಸರು ಪಟ್ಟಿ ಸೇರಿತು.

ಈಗ ಅವನ ಹುದ್ದೆಗೆ ಹತ್ತು ವರ್ಷ. ಬರುವ ಭಾನುವಾರ ಅವನನ್ನು ಆಜೀವ ಪಟ್ಟಿಗಾರನನ್ನಾಗಿ ಮಾಡಲು ಮತದಾನ. ಕಾಲುವೆ ಕಚೇರಿ ಅವನಿಗೆ ಒಂದು ಹೂವನ್ನೂ ಕೊಟ್ಟಿರಲಿಲ್ಲ. ಈ ಬಿರುದು ಅವನಿಗೆ ಬೇಕೇ ಬೇಕಿತ್ತು. ಅದಕ್ಕೆಂದೇ ಸೋಮವಾರದ ಪಟ್ಟಿಯಲ್ಲಿ 'ಸೇವಾವಧಿ' ಎಂಬ ಹೊಸ ಅಂಕಣ ಸೇರಿಸಿದ. ಎಲ್ಲರ ಸಾಲೂ ಎಪ್ಪತ್ತೆರಡರೊಳಗೆ ಹಿಡಿಯಿತು. ಅವನದೊಂದೇ, ಆ ಉದ್ದದ ಹೆಸರಿನಿಂದ, ಎಪ್ಪತ್ತಮೂರಾಯಿತು. ಸರಿಮಾಡಿ ಅಂಟಿಸೋಣವೆಂದು ಆ ಸಾಲನ್ನು ಕತ್ತರಿಸಿದ.

"ಬಟಾಣಿ ಸೂಪ್ ಆರ್ತಾ ಇದೆ! ನಿನ್ನ ಪ್ರಜೆಗಳು ಕಾಯ್ತಾರೆ, ಬಾ!" ಎಂದು ಹೆಂಡತಿ ಆಲೀಡಾ ಕೂಗಿದಳು.

ಸೂಪ್ ಕುಡಿದು ಬಂದು, ಸಾಲುಗಳ ಅಂಚುಗಳನ್ನು ಕಣ್ತುಂಬ ನೋಡಿ, ಪಟ್ಟಿ ಕಳಿಸಿಬಿಟ್ಟ. ಅಂಚು ಎಷ್ಟು ನೇರವಾಗಿದೆ ಎಂದು ಇಬ್ಬರು ಹೊಗಳಿ ಬರೆದರು. ಹೆಸರುಗಳನ್ನು ಯಾರೂ ಓದಲಿಲ್ಲ.

ಭಾನುವಾರ ಬೆಳಿಗ್ಗೆ ಫೆನ್ನಾಳ ಪತ್ರ ಬಂತು. "ಪಟ್ಟಿಲಿ ಹದಿನಾಲ್ಕೇ ಹೆಸರಿದೆ. ನಿಮ್ಮದೇ ಇಲ್ವಲ್ಲ ಸ್ವಾಮಿ?"

ವೋಲ್ಬರ್ಟ್ ನಿಯಮಗಳ ಕಡತ ತೆರೆದ. ಐದು ದಿನದೊಳಗೆ ಯಾರೂ ತಕರಾರು ಎತ್ತದಿದ್ದರೆ ಪಟ್ಟಿಯಲ್ಲಿದ್ದದ್ದೇ ನಿಜ ಎಂಬ ನಿಯಮವಿತ್ತು. ಹಳೇ ತಪ್ಪು ಕೆದಕಿ ತಲೆ ತಿನ್ನುವವರ ಬಾಯಿ ಮುಚ್ಚಿಸಲು ಆ ನಿಯಮವನ್ನು ತಂದವನು ಅವನೇ. ಐದು ದಿನ ನಿನ್ನೆಗೇ ಮುಗಿದಿತ್ತು.

"ಕೈತಪ್ಪಿ ಆಗಿದ್ದು ಕಣ್ರಪ್ಪಾ, ನಾನು ಇಲ್ಲೇ ಇದ್ದೀನಿ!" ಎಂದು ಎಲ್ಲರಿಗೂ ಬರೆದ. ಆಟದಲ್ಲಿಲ್ಲದವರ ಪತ್ರ ಓದಬೇಕಾಗಿಲ್ಲ ಎಂಬ ನಿಯಮವೂ ಅವನದೇ. ಒಬ್ಬರೂ ಉತ್ತರಿಸಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಖಾಲಿ ಹುದ್ದೆಗೆ ಫೆನ್ನಾಳನ್ನು ಆರಿಸಿಯೂ ಆಯಿತು.

ಹತ್ತು ವರ್ಷದ ಮನುಷ್ಯ ಹೊಸಬನಂತೆ ಅರ್ಜಿ ಬರೆದ. ಸೇವಾವಧಿಯ ಅಂಕಣದಲ್ಲಿ ಹತ್ತರ ಬದಲು ಎರಡು ಸೊನ್ನೆ ಹಾಕುವಾಗ ಅವನಿಗೆ ಅಳುವೇ ಬಂತು. ಅರ್ಧ ಗಂಟೆಯಲ್ಲಿ ಅರ್ಜಿ ಹಿಂದಕ್ಕೆ ಬಂತು, ಕಪ್ಪು ಅಕ್ಷರದಲ್ಲಿ, ಅಚ್ಚುಕಟ್ಟಾಗಿ.

"ನಿಮ್ಮ ಸಾಲು ಎಪ್ಪತ್ತಮೂರಿದೆ. ಅಕ್ಷರ ಎಣಿಸೋಕೂ ಬಿಡುವಿಲ್ವಾ ಸ್ವಾಮಿ?"

ವೋಲ್ಬರ್ಟ್ ಪರದೆಯ ಮೇಲೆ ಬೆರಳಿಟ್ಟು ಎಣಿಸಿದ. ಎಪ್ಪತ್ತಮೂರೇ. ಸರಿಯಾಗಿ ಎಣಿಸಿದ್ದಾಳೆ ಎಂದು ಒಪ್ಪಿಕೊಂಡು, ಅಪ್ಪ ಇಟ್ಟ ಹೆಸರಿನಿಂದ ಒಂದು ಅಕ್ಷರ ಅಳಿಸಿದ.