ಹತ್ತು ನಿಮಿಷದ ಆಟ

ಅವನು ಕನ್ನಡಕದಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಗಾಜು ಉಜ್ಜಿ ಫ್ರೇಮಿಗೆ ಕೂರಿಸುವವನು. ಐದನೇ ವಯಸ್ಸಿಗೇ ಮೂಗಿನ ಮೇಲೆ ಸೋಡಾಬುಡ್ಡಿ ಏರಿದ್ದರಿಂದ ಮನೆಯಲ್ಲಿ ಎಲ್ಲರಿಗೂ ಗೂಬೆ. ಅಕ್ಕ ಇಟ್ಟ ಹೆಸರು. ಮಾತು ಕಲಿಯುತ್ತಿದ್ದ ತಮ್ಮ ಅದಕ್ಕೊಂದು ಬಾಲ ಸೇರಿಸಿ ಗೂಬಣ್ಣ ಅಂದ. ನಲವತ್ತೇಳು ದಾಟಿ ತಲೆ ಬೋಳಾದರೂ ಆ ಹೆಸರು ಮಾತ್ರ ಉದುರಲಿಲ್ಲ.

ಅಕ್ಕ ಹೊಸ ಮನೆಗೆ ಹೋಗಿ ತಿಂಗಳಾದ ಮೇಲೆ ಎಲ್ಲರನ್ನೂ ಒಂದು ಭಾನುವಾರ ಮಧ್ಯಾಹ್ನ ಊಟಕ್ಕೆ ಕರೆದಳು. ಅಮ್ಮ ತೀರಿಕೊಂಡು ಎರಡು ವರ್ಷವಾಗಿತ್ತು. ಆಮೇಲೆ, ತಮ್ಮನ ಮದುವೆಯ ಗದ್ದಲ ಬಿಟ್ಟರೆ, ಮೂವರೂ ಒಟ್ಟಿಗೆ ಕೂತದ್ದೇ ಇಲ್ಲ. ಜಗಳವೇನೂ ಆಗಿರಲಿಲ್ಲ. ಆಗಿದ್ದರೇ ವಾಸಿಯಿತ್ತು ಎಂದು ಅವನಿಗೆ ಎಷ್ಟೋ ಸಲ ಅನ್ನಿಸಿತ್ತು. ಫೋನಿನಲ್ಲಿ "ಊಟ ಆಯ್ತಾ", "ಹುಷಾರು" ಅನ್ನುವಷ್ಟರಲ್ಲಿ ಇಬ್ಬರ ಮಾತೂ ಬತ್ತಿಹೋಗುತ್ತಿತ್ತು. ಊಟದ ಹೊತ್ತು ಹೇಗೋ ಕಳೆಯುತ್ತದೆ, ಬಾಯಿಗೆ ಕೆಲಸವಿರುತ್ತದೆ. ಕೈ ತೊಳೆದು ಬಂದು ಸೋಫಾದಲ್ಲಿ ಎದುರು ಬದುರು ಕೂತ ಮೇಲೆ?

ಹಾಗಾಗಿ ಶನಿವಾರ ಆಟದ ಸಾಮಾನಿನ ಅಂಗಡಿಗೆ ಹೋದ. ಹೊಸ ಮನೆಗೆ ಉಡುಗೊರೆಯೂ ಆಯಿತು, ಹೊತ್ತೂ ಹೋಯಿತು.

"ಎಷ್ಟು ಜನ ಆಡ್ತೀರಿ?" ಅಂಗಡಿಯಾಕೆ ಕೇಳಿದಳು.

"ಐದು. ಬೇಗ ಮುಗೀಬೇಕು. ಕಲಿಯೋಕೆ ಕಷ್ಟ ಇರ್ಬಾರ್ದು."

ಅವಳು ಒಂದು ಡಬ್ಬಿ ತೆಗೆದಳು. ಸೋತವರು ಎದ್ದು ಹೊರಗೆ ಕೂರಬೇಕಾದ ಆಟ. ಅವನು ಬೇಡವೆಂದ. ಇನ್ನೊಂದು ತೆಗೆದಳು. ಚೀಟಿಯಲ್ಲಿ ಬಂದ ಪ್ರಶ್ನೆಗೆ ಮುಚ್ಚುಮರೆಯಿಲ್ಲದೆ ಉತ್ತರ ಹೇಳಬೇಕು.

"ಅಯ್ಯೋ, ನಿಜ ಹೇಳೋ ಆಟ ಬೇಡಮ್ಮಾ."

ಅವಳು ನಕ್ಕಳು. "ಹಾಗಾದ್ರೆ ಇದು ತಗೊಳ್ಳಿ. ಇದರಲ್ಲಿ ಮಾತೇ ಇಲ್ಲ. ಕಾರ್ಡಲ್ಲಿ ಒಂದು ಪದ ಇರುತ್ತೆ. ನೋಡಿದ ತಕ್ಷಣ ಏನು ನೆನಪಾಗುತ್ತೋ ಅದನ್ನ ಎಲ್ಲರೂ ಬರೀಬೇಕು. ಇಬ್ಬರು ಒಂದೇ ಬರೆದ್ರೆ ಅವರಿಗೆ ಅಂಕ. ಹತ್ತು ನಿಮಿಷದಲ್ಲಿ ಒಂದಾಟ. ಮನೆಮಂದಿಗೆ ಹೇಳಿ ಮಾಡಿಸಿದ ಹಾಗಿದೆ."

ಹೊಳೆಯುವ ಕಾಗದದಲ್ಲಿ ಕಟ್ಟಿಸಿಕೊಂಡು ಬಂದ.

ಊಟ ಅವನು ಹೆದರಿದಷ್ಟು ಕೆಟ್ಟದಾಗಿರಲಿಲ್ಲ. ಅಕ್ಕ ಕೋಣೆ ಕೋಣೆ ತೋರಿಸಿದಳು. ಭಾವ, ಅಂದರೆ ಅಕ್ಕನ ಗಂಡ, ನಲ್ಲಿಗಳನ್ನೆಲ್ಲ ತಿರುಗಿಸಿ ನೀರು ಬಿಟ್ಟು ತೋರಿಸಿದರು. ಡಬ್ಬಿ ಬಿಚ್ಚಿದಾಗ ತಮ್ಮನ ಹೆಂಡತಿ ಚಪ್ಪಾಳೆ ತಟ್ಟಿದಳು. ಅವಳು ಈ ಮನೆತನಕ್ಕೆ ಬಂದು ಇನ್ನೂ ಒಂದು ವರ್ಷ. ಅಮ್ಮನನ್ನು ಕಂಡವಳೇ ಅಲ್ಲ.

ಆಟಕ್ಕೆ ಬೇಗನೆ ಕಳೆ ಕಟ್ಟಿತು. 'ಬೆಂಕಿ' ಎಂಬ ಕಾರ್ಡಿಗೆ ಅಕ್ಕನೂ ತಮ್ಮನೂ 'ಅಪ್ಪನ ಬೀಡಿ' ಎಂದು ಬರೆದು ಬಿದ್ದು ಬಿದ್ದು ನಕ್ಕರು. 'ಹಠ' ಎಂಬುದಕ್ಕೆ ಭಾವ ಹೆಂಡತಿಯ ಹೆಸರು ಬರೆದು ತೊಡೆಗೆ ಚಿವುಟಿಸಿಕೊಂಡರು. ಅವನೂ ನಕ್ಕ. ಎರಡು ವರ್ಷದಲ್ಲಿ ಈ ಮೂವರ ನಗು ಹೀಗೆ ಒಟ್ಟಿಗೆ ಕೇಳಿರಲಿಲ್ಲ. ಕೊಟ್ಟ ಕಾಸಿಗೆ ಮೋಸವಿಲ್ಲ ಅಂದುಕೊಂಡ.

ಆರನೆಯದೋ ಏಳನೆಯದೋ ಕಾರ್ಡು 'ಸುಳ್ಳು'.

ಅವನು 'ವಕೀಲ' ಎಂದು ಬರೆದ. ಚೀಟಿ ಓದುವ ಸರದಿ ಭಾವನದು.

"ನಾನು ಬರೆದಿರೋದು ಜಾಹೀರಾತು. ವಕೀಲ, ಇದು ಯಾರದ್ದು? ಸರಿ. ಇಲ್ಲಿ ನೋಡಿ, ಗೂಬೆ. ಇನ್ನೊಂದು, ಗೂಬಣ್ಣ. ಇದು ಗೂಬೆ ಭಾವ! ಮೂರೂ ಒಂದೇ ಹಕ್ಕಿ ಕಣ್ರಪ್ಪಾ, ತಲಾ ಒಂದು ಅಂಕ!" ಎಂದು ನಗುತ್ತಲೇ ತಲೆಯೆತ್ತಿದರು. ಯಾರೂ ನಗುತ್ತಿರಲಿಲ್ಲ.

ತಮ್ಮನ ಹೆಂಡತಿ ಪೆನ್ಸಿಲಿನ ತುದಿ ನೋಡುತ್ತಿದ್ದಳು. ಬೇರೆ ಇಬ್ಬರದಕ್ಕಿಂತ 'ಗೂಬೆ ಭಾವ' ಎಂದಿದ್ದ ಅವಳ ಚೀಟಿಯೇ ಅವನಿಗೆ ಹೆಚ್ಚು ನಾಟಿತು. ಅಂದರೆ ಇದು ಒಂದು ದಿನದ ಮಾತಲ್ಲ. ಹೊಸದಾಗಿ ಬಂದವಳಿಗೂ ಮೊದಲೇ ಹೇಳಿಕೊಟ್ಟ ಮಾತು.

"ನಾನೇನು ಸುಳ್ಳು ಹೇಳಿದ್ದೀನಿ?" ಅಂದ.

ಅಕ್ಕ ಚೀಟಿಗಳನ್ನು ಒಟ್ಟುಮಾಡುತ್ತ, "ಆಟ ಕಣೋ, ಬಿಡು," ಅಂದಳು. ಬಿಡಲು ಅವಳಿಂದಲೇ ಆಗಲಿಲ್ಲ. "ಅಮ್ಮ ಆಸ್ಪತ್ರೇಲಿದ್ದಾಗ ಗುರುವಾರ ನಾನು ಫೋನ್ ಮಾಡಿದ್ದೆ. ಬರ್ಲಾ ಅಂತ ಕೇಳಿದ್ದೆ. ನೀನು, ಆರಾಮಾಗಿದ್ದಾಳೆ, ಭಾನುವಾರ ಬನ್ನಿ ಅಂದೆ. ಶುಕ್ರವಾರ ಅಮ್ಮ ಇರ್ಲಿಲ್ಲ."

"ಅಮ್ಮನೇ ಹೇಳಿದ್ದು. ಅವರನ್ನ ಗಾಬರಿ ಮಾಡ್ಬೇಡ ಅಂತ."

"ಸತ್ತೋಳ ಮೇಲೆ ಗೂಬೆ ಕೂರಿಸ್ತೀಯಲ್ಲೋ!"

ಬಾಯಿ ತಪ್ಪಿ ಬಂದ ಆ ಮಾತಿಗೆ ಅವಳೇ ತುಟಿ ಕಚ್ಚಿಕೊಂಡಳು. ಅವನು ಎದ್ದು ಚಪ್ಪಲಿ ಮೆಟ್ಟಿಕೊಂಡ.

ಅಮ್ಮ ಹಾಗೆ ಹೇಳಿದ್ದು ನಿಜ. ಬಚ್ಚಲಲ್ಲಿ ಬಿದ್ದು ಸೊಂಟ ಮುರಿದುಕೊಂಡು ಆಸ್ಪತ್ರೆ ಸೇರಿದ ಮಂಗಳವಾರ ಹೇಳಿದ್ದಳು. ಗುರುವಾರ ಬೆಳಿಗ್ಗೆ ಅವಳು ಹೇಳಿದ್ದೇ ಬೇರೆ. ಅವನ ಮಣಿಕಟ್ಟು ಹಿಡಿದು, "ದೊಡ್ಡೋಳನ್ನ ಕರಿ. ಚಿಕ್ಕೋನನ್ನೂ ಕರಿ. ಈಗ್ಲೇ ಕರಿ," ಅಂದಿದ್ದಳು. ಒಂದು ಗಂಟೆ ಕಳೆದಿರಲಿಲ್ಲ, ಅಕ್ಕನೇ ಫೋನ್ ಮಾಡಿದಳು. ಅವನು ವಾರ್ಡಿನ ಹೊರಗೆ ಅಮ್ಮನ ಒದ್ದೆ ಬಟ್ಟೆಯ ಚೀಲ ಹಿಡಿದು ನಿಂತಿದ್ದ. ನಾಲ್ಕು ವರ್ಷ ಅಮ್ಮನ ಮಾತ್ರೆ, ಅಮ್ಮನ ಮಲಮೂತ್ರ, ಅಮ್ಮನ ನಿದ್ದೆಗೆಟ್ಟ ಗೊಣಗಾಟ, ಎಲ್ಲ ಅವನೊಬ್ಬನ ತಲೆಯ ಮೇಲೆ ಬಿದ್ದಿತ್ತು. ಇವರಿಬ್ಬರೂ ನೆಂಟರ ಹಾಗೆ ಬಂದು, ಕಾಫಿ ಕುಡಿದು, ಅಮ್ಮನ ಕೆನ್ನೆ ಸವರಿ ಹೋಗುತ್ತಿದ್ದರು. ಅಮ್ಮನ ಬಾಯಲ್ಲಿ ಕೊನೆಗೂ ಅವರದೇ ಹೆಸರು. ಒಂದೆರಡು ದಿನ ಕಾಯಲಿ ಅಂದುಕೊಂಡ. "ಆರಾಮಾಗಿದ್ದಾಳೆ," ಅಂದುಬಿಟ್ಟ. ಸಾಯುತ್ತಾಳೆಂದು ಗೊತ್ತಿರಲಿಲ್ಲ. ಆದರೆ ಕರೆದಿದ್ದಾಳೆಂದು ಗೊತ್ತಿತ್ತು.

ಎರಡನೇ ಮಹಡಿಯ ಮೆಟ್ಟಿಲಲ್ಲಿ ತಮ್ಮ ಏದುಸಿರು ಬಿಡುತ್ತ ಬಂದು ಅಡ್ಡ ನಿಂತ.

"ಗೂಬಣ್ಣ, ಒಂದೇ ಮಾತು. ಅಮ್ಮ ನಿಜವಾಗ್ಲೂ ಹಾಗಂದ್ಲಾ?"

ತಮ್ಮನ ಕಣ್ಣು ಕೆಂಪಾಗಿತ್ತು. ಹೇಳುವುದಾದರೆ ಇದೇ ಹೊತ್ತು ಎಂದು ಅವನಿಗೆ ಹೊಳೆಯಿತು. ನಾಲಿಗೆಯ ತುದಿಗೂ ಬಂತು.

"ಹೂಂ," ಅಂದ.

"ನಿನ್ನಾಣೆ, ನಂಗೆ ಗೊತ್ತಿರ್ಲಿಲ್ಲ." ತಮ್ಮ ಅವನ ಭುಜಕ್ಕೆ ಹಣೆಯಿಟ್ಟು ಚಿಕ್ಕ ಹುಡುಗನಂತೆ ಬಿಕ್ಕಿದ. "ಎರಡು ವರ್ಷ ನಿನ್ನ ಬೈಕೊಂಡೇ ಓಡಾಡಿದ್ದೀನಿ. ತಪ್ಪಾಯ್ತು ಕಣೋ."

ಅವನು ತಮ್ಮನ ಬೆನ್ನು ತಟ್ಟಿದ.

ತಮ್ಮನಿಂದ ವಿಷಯ ಕೇಳಿದ ಅಕ್ಕ ಮರುದಿನ ಅಂಗಡಿಗೇ ಬಂದು ಎಲ್ಲರೆದುರು ಅವನ ಕೈ ಹಿಡಿದು ಅತ್ತಳು. ಅಲ್ಲಿಂದ ಮುಂದೆ ಭಾನುವಾರ ತಪ್ಪಲಿಲ್ಲ. ಅವನ ತಟ್ಟೆಗೇ ಮೊದಲು ಬಡಿಸುವರು. ಇಬ್ಬರ ಕೆಟ್ಟ ಮಾತನ್ನೂ ಹೊತ್ತುಕೊಂಡು ಅಮ್ಮನ ಮಾತು ಉಳಿಸಿದವನು ಎಂದು ಬಂದವರಿಗೆಲ್ಲ ಹೇಳುವರು. ತಮ್ಮನ ಹೆಂಡತಿ ಕಣ್ಣೊರೆಸಿಕೊಳ್ಳುವಳು. ಅಮ್ಮ ಇನ್ನೇನಂದಳು, ಆ ದಿನ ಏನು ತಿಂದಳು ಎಂದು ಕೇಳುವರು. ಅವನು ಹೇಳುವನು. ವಾರ ವಾರ ಒಂದಿಷ್ಟು ಸೇರಿಸುವನು. ಈಗ ಅವರ ಅಮ್ಮ ಮಕ್ಕಳಿಗೆ ತೊಂದರೆಯಾಗಬಾರದೆಂದು ನಗುನಗುತ್ತ ಹೋದವಳು. ಮಣಿಕಟ್ಟು ಹಿಡಿದ ಅಮ್ಮ ಅವನೊಬ್ಬನಿಗೇ ಉಳಿದಳು.

ಒಂದು ಭಾನುವಾರ ಪಾತ್ರೆ ಒರೆಸುತ್ತಿದ್ದ ಅಕ್ಕ ತಿರುಗದೆಯೇ ಕೇಳಿದಳು.

"ಕೊನೇಗೆ ಒಂದ್ಸಲನಾದ್ರೂ ನನ್ನ ನೆನೆಸ್ಕೊಂಡ್ಲೇನೋ? ಎಲ್ಲಿ ದೊಡ್ಡೋಳು ಅಂತ?"

ಹೌದೆಂದರೆ, ಮತ್ತೆ ಯಾಕೆ ಕರೆಯಲಿಲ್ಲ ಎಂಬ ಪ್ರಶ್ನೆ ಹಿಂದೆಯೇ ಬರುತ್ತದೆ.

"ಇಲ್ಲಕ್ಕಾ," ಅಂದ. "ಯಾರನ್ನೂ ಕೇಳ್ಲಿಲ್ಲ."

ಅಕ್ಕ ತಲೆಯಾಡಿಸಿ, ಒಣಗಿದ್ದ ತಟ್ಟೆಯನ್ನೇ ಇನ್ನೂ ಸ್ವಲ್ಪ ಹೊತ್ತು ಒರೆಸಿದಳು.