ಹನ್ನೊಂದು ನಿಮಿಷದ ಕೋಳಿ

ಶಾಸನಸಭೆ ಶುರುವಾಗಿ ಎರಡು ವಾರವಾಗಿತ್ತು. ಬರ್ನೆಟಾಳ ಮೇಜಿನ ಮೇಲೆ ಮಸೂದೆಗಳ ರಾಶಿ ಕಾಫಿ ಲೋಟ ಇಡಲೂ ಜಾಗ ಬಿಟ್ಟಿರಲಿಲ್ಲ. ವಿಮೆಯ ಬಗ್ಗೆ ಯಾವ ಮಸೂದೆ ಬಂದರೂ ಅದರಿಂದ ರಾಜ್ಯದ ಬೊಕ್ಕಸಕ್ಕೆ ಎಷ್ಟು ಹೊರೆ ಎಂದು ಐದು ದಿನದೊಳಗೆ ಒಂದು ಹಾಳೆಯಲ್ಲಿ ಬರೆದುಕೊಡಬೇಕು. ವಿಮಾ ಇಲಾಖೆಯಲ್ಲಿ ಹತ್ತೊಂಬತ್ತು ವರ್ಷಗಳಿಂದ ಅವಳು ಮಾಡುತ್ತಿದ್ದದ್ದು ಇದನ್ನೇ.

ಅವತ್ತು ರಾಶಿಯ ಮೇಲಿದ್ದ ಮಸೂದೆಯನ್ನು ಅವಳು ಎರಡೆರಡು ಸಲ ಓದಿದಳು. ಜೀವವಿಮಾ ಕಂಪನಿಗಳು ವರ್ಷಕ್ಕೊಮ್ಮೆ ಸತ್ತವರ ಪಟ್ಟಿಯನ್ನು ತಮ್ಮ ಪಾಲಿಸಿಗಳ ಜೊತೆ ಹೋಲಿಸಿ ನೋಡಬೇಕು, ಯಾರೂ ಕೇಳದೆ ಉಳಿದ ಹಣವಿದ್ದರೆ ಮನೆಯವರನ್ನು ತಾವೇ ಹುಡುಕಿ ಕೊಡಬೇಕು, ಆಮೇಲೆ ಇಲಾಖೆಗೆ ವರದಿ ಒಪ್ಪಿಸಬೇಕು. ಎರಡು ವರ್ಷದ ಹಿಂದೆ ಇದೇ ಮಸೂದೆ ಬಂದಿತ್ತು. ಅದನ್ನು ಮಣ್ಣುಮಾಡಿದ್ದು ಬರ್ನೆಟಾಳ ಹಾಳೆ.

ನಾನೂರ ಹನ್ನೆರಡು ಕಂಪನಿ, ಒಂದೊಂದರ ವರದಿ ನೋಡಲು ಒಂದೊಂದು ದಿನ, ಅದಕ್ಕೆ ಇಬ್ಬರು ಹೊಸ ನೌಕರರು, ಒಟ್ಟು ಮೂರು ಲಕ್ಷ ಹತ್ತು ಸಾವಿರ ಡಾಲರ್ ಎಂದು ಆಗ ಅವಳು ಬರೆದಿದ್ದಳು. ಖರ್ಚು ಐದು ಸಾವಿರ ದಾಟಿದರೆ ಮಸೂದೆ ಬಜೆಟ್ ಸಮಿತಿಗೆ ಹೋಗಲೇಬೇಕು. ಅಲ್ಲಿಗೆ ಹೋದದ್ದು ಅಲ್ಲೇ ಬಿತ್ತು. ಆ 'ಒಂದು ದಿನ' ಎಲ್ಲಿಂದ ಬಂತು ಎಂಬುದು ಅವಳಿಗೆ ತಿಳಿದದ್ದು ಬೇಸಿಗೆಯಲ್ಲಿ, ಕಡತ ಜೋಡಿಸುವಾಗ. ಕಾರು ವಿಮೆಯ ಹಳೆಯ ಹಾಳೆಯೊಂದನ್ನು ತೆಗೆದುಕೊಂಡು, ಹೆಸರು ಮತ್ತು ತಾರೀಖು ಬದಲಿಸಿ ಕಳಿಸಿಬಿಟ್ಟಿದ್ದಳು. ಗಡುವಿನ ಅವಸರದಲ್ಲಿ ಎಲ್ಲ ಇಲಾಖೆಯವರೂ ಹಾಗೇ ಮಾಡುವುದು.

ಅದು ಅಷ್ಟಕ್ಕೇ ಮುಗಿದಿದ್ದರೆ ಅವಳು ಮರೆಯುತ್ತಿದ್ದಳೇನೋ. ಆದರೆ ನೆಲಮಾಳಿಗೆಯ ಕ್ಯಾಂಟೀನಿನಲ್ಲಿ ಆರ್ಲಿಸ್ ಇದ್ದಳಲ್ಲ. ಆರ್ಲಿಸ್‌ಳ ಗಂಡ ಡ್ವೇನ್ ಎಂಬತ್ನಾಲ್ಕನೇ ಇಸವಿಯಲ್ಲಿ ಒಂದು ಪಾಲಿಸಿ ಮಾಡಿಸಿದ್ದ. ಕಂಪನಿ ಮೂರು ಸಲ ಹೆಸರು ಬದಲಿಸಿತು, ಕಾಗದ ಎಲ್ಲೋ ಕಳೆಯಿತು, ನಾಲ್ಕು ವರ್ಷದ ಹಿಂದೆ ಡ್ವೇನ್ ಕೂಡ ತೀರಿಕೊಂಡ, ಹಣ ಯಾರನ್ನು ಕೇಳಬೇಕೆಂದು ಅವಳಿಗೆ ತಿಳಿಯಲಿಲ್ಲ. ಎರಡು ವರ್ಷಗಳಿಂದ ಆರ್ಲಿಸ್ ಆಲೂಗಡ್ಡೆ ಸೂಪು ಬಡಿಸುತ್ತಲೇ ಬೈಯುತ್ತಿದ್ದಳು: "ಆ ಮೂರು ಲಕ್ಷ ಬರೆದ ಮಹಾರಾಯ ಯಾರೋ, ಅವನ ಕಾರು ಚಳೀಲಿ ಒಂದು ದಿನಾನೂ ಸ್ಟಾರ್ಟ್ ಆಗ್ದೇ ಇರ್ಲಿ!"

ಬರ್ನೆಟಾ ತಲೆ ತಗ್ಗಿಸಿ ಸೂಪು ಕುಡಿಯುತ್ತಿದ್ದಳು. ಅವಳ ಕಾರು ನಿಜವಾಗಿಯೂ ಎರಡು ಸಲ ಸ್ಟಾರ್ಟ್ ಆಗಿರಲಿಲ್ಲ.

ಈ ಸಲ ಅವಳು ಹಳೆಯ ಹಾಳೆ ತೆಗೆಯಲಿಲ್ಲ. ಪಕ್ಕದ ರಾಜ್ಯದಲ್ಲಿ ಈ ಕಾಯ್ದೆ ಆಗಲೇ ಇತ್ತು. ಅಲ್ಲಿಯವರಿಗೆ ಫೋನು ಮಾಡಿ ಕಂಪನಿಗಳ ಹನ್ನೆರಡು ವರದಿ ತರಿಸಿಕೊಂಡಳು.

ಬಾಗಿಲಲ್ಲಿ ಅವಳ ಮೇಲಧಿಕಾರಿ ಗೇಲನ್ ನಿಂತ. "ಅದೇನು ಹೊಸ ಸರ್ಕಸ್ಸು? ಹೋದ ಸಲದ್ದೇ ಕಳಿಸು. ಒಬ್ಬ ಮನುಷ್ಯ ಬೇಕು ಅಂತ ಆರು ವರ್ಷದಿಂದ ಬಾಯಿ ಬಡ್ಕೊಳ್ತಿದೀನಿ. ಇಬ್ಬರನ್ನ ಕೇಳಿದ್ರೆ ಒಬ್ಬನಾದ್ರೂ ಸಿಗ್ತಾನೆ."

"ಹೋದ ಸಲ ಇಬ್ಬರನ್ನ ಕೇಳಿ ಎಷ್ಟು ಜನ ಸಿಕ್ಕರು, ಗೇಲನ್?"

"ಯಾರೂ ಇಲ್ಲ."

"ಹಾಗಾದ್ರೆ ಬಿಡಿ, ಈ ಸಲ ಅಳೆದೇ ನೋಡ್ತೀನಿ."

ಗೇಲನ್ ಕೈಕೊಡವಿ ಹೋದ. ಬರ್ನೆಟಾ ಮಧ್ಯಾಹ್ನದ ಊಟದ ಗದ್ದಲ ಇಳಿದ ಮೇಲೆ ವರದಿಗಳನ್ನು ಬಗಲಲ್ಲಿಟ್ಟುಕೊಂಡು ಕ್ಯಾಂಟೀನಿಗೆ ಇಳಿದಳು. ಮೇಲೆ ಕುಳಿತರೆ ಫೋನು ಬಿಡುವುದಿಲ್ಲ.

"ಆರ್ಲಿಸ್, ನಿನ್ನ ಆ ಕೋಳಿ ಕೊಡೇ."

ಕೋಳಿಯೆಂದರೆ ಒಲೆಯ ಮೇಲಿಡುವ ಗಂಟೆ. ತಗಡಿನದು, ಹಳದಿ ಬಣ್ಣದ್ದು. ಕತ್ತು ತಿರುಗಿಸಿದರೆ ನಿಮಿಷ ಎಣಿಸುತ್ತದೆ, ಹೊತ್ತಾದಾಗ ಕಿರುಚುತ್ತದೆ.

"ನನ್ನ ಕ್ಯಾರಮೆಲ್ ಬನ್ನು ಒಲೇಲಿದೆ ಕಣೇ! ಸೀದುಹೋದ್ರೆ ಶಾಸಕರು ನನ್ನನ್ನೇ ತಿಂತಾರೆ."

"ಮೂಗಿದೆಯಲ್ಲ ನಿನಗೆ? ವಾಸನೆ ನೋಡ್ತಾ ಇರು."

ಬರ್ನೆಟಾ ಕೋಳಿಯ ಕತ್ತು ತಿರುಗಿಸಿ ಮೊದಲ ವರದಿ ಬಿಡಿಸಿದಳು. ಪಟ್ಟಿಗೆ ಹೋಲಿಸಿದ್ದಾರೆಯೇ? ಮನೆಯವರನ್ನು ಹುಡುಕಿದ್ದಾರೆಯೇ? ಹಣ ಕೊಟ್ಟಿದ್ದಾರೆಯೇ? ಸಹಿ ಇದೆಯೇ? ಒಂಬತ್ತು ನಿಮಿಷ. ಇನ್ನೊಂದಕ್ಕೆ ಏಳು. ಹೆಸರು ಬದಲಿಸುತ್ತಲೇ ಬಂದಿದ್ದ ಒಂದು ಕಂಪನಿಯದು ಮಾತ್ರ ಹತ್ತೊಂಬತ್ತು ತಿಂದಿತು. ಎಲ್ಲ ಮುಗಿಸಿ ಭಾಗಿಸಿದಾಗ ವರದಿಗೆ ಹನ್ನೊಂದು ನಿಮಿಷ ಬಂತು. ನಾನೂರ ಹನ್ನೆರಡಕ್ಕೆ ಒಬ್ಬರ ಹತ್ತು ದಿನದ ಕೆಲಸ, ಅಷ್ಟೇ. ಸಭೆಯಿಲ್ಲದ ಜುಲೈ ತಿಂಗಳಲ್ಲಿ ಅವಳೇ ಮಾಡಬಹುದು.

"ಏನೇ, ಮುಖ ಹಾಗೆ ಅರಳಿದೆ?" ಎಂದಳು ಆರ್ಲಿಸ್.

ಬರ್ನೆಟಾ ನಿಜ ಹೇಳಬೇಕೆಂದುಕೊಂಡಳು. ಆದರೆ "ಬನ್ನು ಸೀದಿಲ್ವಲ್ಲ, ಅದಕ್ಕೆ" ಎಂದಳು.

ಹಾಳೆಯಲ್ಲಿ ಅವಳು ಬರೆದದ್ದು ಸೊನ್ನೆ.

ಮುಂದಿನ ಬುಧವಾರ ವಿಚಾರಣೆಗೆ ಕರೆ ಬಂತು. ಶಾಸಕರ ವಿಮಾ ಸಮಿತಿಯ ಕೋಣೆಯ ಹೊರಗೆ ಗೇಲನ್ ಕಿವಿಯಲ್ಲಿ ಹೇಳಿದ: "ಹೋದ ಸಲದ್ದು ಕೇಳಿದ್ರೆ, ಅಂದಾಜಿನ ಆಧಾರ ಬದಲಾಗಿದೆ ಅಂದುಬಿಡು. ಯಾರಿಗೂ ಅರ್ಥ ಆಗಲ್ಲ, ಯಾರೂ ಮುಂದೆ ಕೇಳಲ್ಲ." ಕೋಣೆಯ ಮಾತೆಲ್ಲ ಕಟ್ಟಡದುದ್ದಕ್ಕೂ ಸ್ಪೀಕರಿನಲ್ಲಿ ಕೇಳುತ್ತದೆ. ಕ್ಯಾಂಟೀನಿನಲ್ಲಿ, ಸೂಪಿನ ಹಂಡೆಯ ಮೇಲೆಯೇ ಒಂದು ಸ್ಪೀಕರ್ ಇತ್ತು. ಈ ಮಸೂದೆಯ ದಿನ ಆರ್ಲಿಸ್ ಅದರ ದನಿಯನ್ನು ಪೂರ್ತಿ ಏರಿಸಿರುತ್ತಾಳೆ ಎಂಬುದು ಬರ್ನೆಟಾಳಿಗೆ ಗೊತ್ತಿತ್ತು.

ಅಧ್ಯಕ್ಷ ಓಪ್ಸಾಲ್ ಗೋಧಿ ಬೆಳೆಯುವ ಮುದುಕ, ಕನ್ನಡಕದ ಮೇಲಿಂದಲೇ ನೋಡುವವನು. "ಬರ್ನೆಟಾ ಅವರೇ, ಹೋದ ಸಲ ಮೂರು ಲಕ್ಷ. ಈ ಸಲ ಸೊನ್ನೆ. ಮಿಕ್ಕಿದ್ದನ್ನ ಇಲಿ ತಿಂತೋ?"

ಕೋಣೆ ನಕ್ಕಿತು. ಗೇಲನ್ ಹೇಳಿಕೊಟ್ಟ ಮಾತು ಬರ್ನೆಟಾಳ ನಾಲಿಗೆಯ ತುದಿಯಲ್ಲೇ ಇತ್ತು.

"ಅಧ್ಯಕ್ಷರೇ, ಹೋದ ಸಲ ತಪ್ಪು ನನ್ನದು. ಹಳೇ ಹಾಳೆಯೊಂದರಿಂದ ಅಳೆಯದೇ ನಕಲು ಮಾಡಿದ್ದೆ. ಆ ಮೂರು ಲಕ್ಷ ಬರೆದವಳು ನಾನೇ."

"ಈ ಸಲ ಯಾವುದರಲ್ಲಿ ಅಳೆದ್ರಿ?"

"ಕ್ಯಾಂಟೀನಿನ ಕೋಳಿ ಗಂಟೇಲಿ, ಅಧ್ಯಕ್ಷರೇ. ವರದಿಗೆ ಹನ್ನೊಂದು ನಿಮಿಷ."

ಓಪ್ಸಾಲ್ ಕನ್ನಡಕ ತೆಗೆದ. "ಮೂವತ್ತು ವರ್ಷದಿಂದ ಈ ಕುರ್ಚೀಲಿದೀನಿ. ಇಲಾಖೆಯವರು ಬಂದು ದುಡ್ಡು ಬೇಡ ಅಂದದ್ದು ಇದೇ ಮೊದಲು. ಬೇಗ ಮತ ಹಾಕ್ರಪ್ಪಾ, ಅವರು ಮನಸ್ಸು ಬದಲಾಯಿಸೋ ಮುಂಚೆ!"

ಹದಿನಾಲ್ಕು ಜನರಲ್ಲಿ ಒಬ್ಬರೂ ಬೇಡ ಅನ್ನಲಿಲ್ಲ. ಮಸೂದೆ ಬಜೆಟ್ ಸಮಿತಿಯ ಬಾಗಿಲು ಮುಟ್ಟದೆ ನೇರವಾಗಿ ಸಭೆಗೆ ನಡೆಯಿತು. ಬರ್ನೆಟಾ ಮಾತ್ರ ಕ್ಯಾಂಟೀನಿನ ಮೆಟ್ಟಿಲ ಮೇಲೆ ಎರಡು ಸಲ ನಿಂತು ಇಳಿದಳು.

ಆರ್ಲಿಸ್ ಸೌಟು ಹಿಡಿದು ನಿಂತಿದ್ದಳು. ಕಣ್ಣು ಕೆಂಪಾಗಿತ್ತು.

"ಎರಡು ವರ್ಷ ನನ್ನೆದುರೇ ಕೂತು ಬೈಸಿಕೊಂಡ್ಯಲ್ಲೇ!"

"ಹೂಂ."

"ಒಂದು ದಿನಾನೂ ಬಾಯಿ ಬಿಡ್ಲಿಲ್ಲ."

"ಸೂಪು ಚೆನ್ನಾಗಿರ್ತಿತ್ತು. ನೀನು ಕೊಡದೇ ಹೋದ್ರೆ ಅಂತ ಹೆದರಿಕೆ."

ಆರ್ಲಿಸ್‌ಳ ಸೌಟು ಹಂಡೆಯೊಳಕ್ಕೆ ಹೋಯಿತು. "ನನ್ನ ಡ್ವೇನ್ ಕಾಗದ ಸಿಗುತ್ತೋ ಇಲ್ವೋ. ಆದ್ರೆ ಕಾಯ್ದೆ ಬಂದ್ಮೇಲೆ ಹುಡುಕೋದು ಆ ಕಂಪನಿಯವರ ಕೆಲಸ. ಅದು ಸಾಕು. ನಿನ್ನ ಮೇಲೆ ಮಾತ್ರ ನನಗೆ ಕೋಪ ಇದೆ."

"ಎಷ್ಟು?"

ಆರ್ಲಿಸ್ ಕೋಳಿಯನ್ನು ಎತ್ತಿ ಕತ್ತು ತಿರುಗಿಸಿ ಕಟ್ಟೆಯ ಮೇಲೆ ಕುಕ್ಕಿದಳು. "ಹನ್ನೊಂದು ನಿಮಿಷ. ಅಲ್ಲಿ ಕೂತ್ಕೋ. ಮಾತಾಡಬೇಡ."

ಬರ್ನೆಟಾ ಗೋಡೆಯ ಪಕ್ಕ ಕುಳಿತಳು. ಕೋಳಿ ಟಿಕ್‌ಟಿಕ್ ಎನ್ನುತ್ತಿತ್ತು. ಅದು ಕಿರುಚುವುದಕ್ಕೆ ಇನ್ನೂ ನಾಲ್ಕು ನಿಮಿಷವಿರುವಾಗಲೇ ಅವಳ ಮುಂದೆ ಒಂದು ತಟ್ಟೆ ಬಂದು ಕುಳಿತಿತು. ಅದರಲ್ಲಿ ಬನ್ನಿತ್ತು, ಟ್ರೇಯ ನಟ್ಟನಡುವಿನದು, ನಾಲ್ಕೂ ಕಡೆ ಮೆತ್ತಗಿರುವುದು.