ನಿಂಗಾಜಮ್ಮನ ಸಂಕಟ

ಆಸ್ಪತ್ರೆಯ ಹಿತ್ತಿಲಲ್ಲಿ ಒಗೆದ ಬ್ಯಾಂಡೇಜು ಪಟ್ಟಿಗಳನ್ನು ಹಗ್ಗದ ಮೇಲೆ ಒಣಹಾಕುತ್ತಿದ್ದರು. ಗಾಳಿ ಬಂದಾಗ ಅವೆಲ್ಲ ಒಟ್ಟಿಗೆ ಮೇಲೆದ್ದು, ಮೆಲ್ಲಗೆ ಇಳಿಯುತ್ತಿದ್ದವು. ಎಷ್ಟು ಒಗೆದರೂ ಒಂದೊಂದರಲ್ಲೂ ಕಂದು ಕಲೆ ಉಳಿದಿರುತ್ತಿತ್ತು. ಆ ಊರನ್ನು ನೆನೆದರೆ ನಿದ್ದೆಗಣ್ಣಿನಲ್ಲಿ ಕಂಡ ಹಾಗೆ ಮೊದಲು ಕಾಣುವುದು ಅದೇ.

ಪರದೇಶದಿಂದ ಬಂದಿದ್ದ ಡಾಕ್ಟರಮ್ಮನಿಗೆ ರೋಗಿಗಳ ಮಾತನ್ನು ಇಂಗ್ಲಿಷಿನಲ್ಲಿ ತಿಳಿಸುವುದು ಅಲ್ಲಿ ನನ್ನ ಕೆಲಸ. ಉರಿ, ಸೆಳೆತ, ಬೇನೆ, ಸಂಕಟ, ಜನ ಏನೇ ಅಂದರೂ ನನ್ನ ಬಾಯಲ್ಲಿ ಅದು ‘ಪೇನ್’ ಆಗುತ್ತಿತ್ತು. ಡಾಕ್ಟರಮ್ಮ ಎಲ್ಲಿ ಎಂದು ಕೇಳುತ್ತಿದ್ದರು, ರೋಗಿ ಕೈಯಿಟ್ಟು ತೋರಿಸುತ್ತಿದ್ದ. ನನ್ನ ಇಂಗ್ಲಿಷಿನ ಬಗ್ಗೆ ನನಗೆ ಸಣ್ಣ ಜಂಬವೂ ಇತ್ತು.

ನಿಂಗಾಜಮ್ಮ ಎಂಬ ಹೆಂಗಸು ಹೊಕ್ಕುಳಿನ ಮೇಲೆ ಅಂಗೈಯಿಟ್ಟು, “ಇಲ್ಲಿ ಸಂಕಟ ಕಣಕ್ಕ” ಅಂದಳು. ಯಾವ ಔಷಧಿಗೂ ಅದು ಬಗ್ಗಲಿಲ್ಲ. ಕೊನೆಗೆ ಹೊಟ್ಟೆ ಕೊಯ್ದು ನೋಡುವುದೆಂದಾಯಿತು. ಬೇರೆಯವರು ಕೇಳಿದರೇ ನಡುಗುವ ಆ ಮಾತಿಗೆ ಇವಳ ಮುಖ ಅರಳಿತು.

ಆಪರೇಷನ್ನಿನ ಬೆಳಿಗ್ಗೆ ಅವಳ ಜಡೆ ಹೆಣೆಯುತ್ತಾ, “ಭಯ ಆಗಲ್ವೇನೆ?” ಎಂದು ಕೇಳಿದೆ.

“ಕುಯ್ದ ಮೇಲೆ ಅಳಬೋದಲ್ವಾ ಅಕ್ಕ? ಯಾರೂ ಏನೂ ಅನ್ನಲ್ಲ ಅಲ್ವಾ?”

“ಈಗ ಅಳಬೇಡ ಅಂದೋರು ಯಾರು?”

ಆಗ ಹೇಳಿದಳು. ಮಕ್ಕಳಿಲ್ಲದ ಭಾವನಿಗೆ ತನ್ನ ಮಗಳನ್ನು ದತ್ತು ಕೊಟ್ಟಿದ್ದಳು. ಕೊಟ್ಟ ತಾಯಿ ಕಣ್ಣೀರು ಹಾಕಿದರೆ ಮಗುವಿಗೆ ಕೇಡು ಎಂಬುದು ಅವರ ಮನೆತನದ ನಂಬಿಕೆ.

“ಸತ್ತಿದ್ರೆ ಎಲ್ರೂ ಜೊತೇಲಿ ಅಳೋರು. ಕೊಟ್ಟಿದ್ದಕ್ಕೆ ಅಳಂಗಿಲ್ಲ. ಹೊಟ್ಟೆನೋವಿಗೆ ಅತ್ರೆ ಮಗೀಗೆ ತಟ್ಟಲ್ಲ ಅಕ್ಕ.”

ಜಡೆಯನ್ನು ಅರ್ಧಕ್ಕೇ ಬಿಟ್ಟೆ. ಓಡಿಹೋಗಿ ಡಾಕ್ಟರಮ್ಮನ ಮುಂದೆ ನಿಂತರೆ ‘ಪೇನ್’ ಎಂಬ ಆ ಒಂದು ಪದ ನಾಲಿಗೆಯ ತುದಿಯಲ್ಲೇ ಉಳಿಯಿತು. ಬೇರೊಂದು ಪದ ಹೊಳೆಯದೆ ಇಡೀ ಕತೆಯನ್ನೇ ಹೇಳಿದೆ. ಅವರು ಕೈಗವಸು ಬಿಚ್ಚಿಟ್ಟರು.

“ನಮ್ಮಲ್ಲಿ ಇಂಥ ದುಃಖಕ್ಕೂ ಪೇನ್ ಅಂತಲೇ ಅನ್ನುವುದು,” ಎಂದರು. “ನಾನದನ್ನು ಮರೆತಿದ್ದೆ.”

ಆಮೇಲೆ ಕೊಯ್ಯದ ಆ ಹೊಟ್ಟೆಗೆ ತಾವೇ ಅಗಲವಾದ ಪಟ್ಟಿ ಸುತ್ತಿ, ಅವಳನ್ನು ಹೆಂಗಸರ ವಾರ್ಡಿನಲ್ಲಿ ಮಲಗಿಸಿದರು.

ನಿಂಗಾಜಮ್ಮ ಪಟ್ಟಿಯ ಮೇಲೆ ಅಂಗೈಯಿಟ್ಟುಕೊಂಡು ಅತ್ತಳು. ಬಾಯಿಬಿಟ್ಟು, ಮನಸಾರೆ ಅತ್ತಳು. ನೋಡಲು ಬಂದ ಅತ್ತೆ, “ಎಷ್ಟು ನೋವೋ ಪಾಪ, ಅಳ್ಲಿ ಬುಡಿ” ಎಂದು ಸೊಸೆಯ ತಲೆ ಸವರಿದರು. ನಾನು ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಂಡೆ.

ಅವಳು ಮನೆಗೆ ಹೋದ ಮೇಲೆ ಆ ಪಟ್ಟಿಯನ್ನು ನಾನೇ ಒಗೆದು ಹಗ್ಗಕ್ಕೆ ಹಾಕಿದೆ. ಗಾಳಿ ಬಂದಾಗ ಉಳಿದವುಗಳ ಜೊತೆ ಅದೂ ಮೇಲೆದ್ದಿತು. ಅದರಲ್ಲಿ ಒಂದು ಕಲೆಯೂ ಇರಲಿಲ್ಲ.